ಕಾನೂನು ಕೇಳಿ: ಕರಾರಿನ ಸಣ್ಣಕ್ಷರ

ಪ್ರಶ್ನೆ: ಸ್ಕೂಟರ್ ಸಾಲದ ಎರಡು ಕಂತು ಬಾಕಿ ಇದೆ. ವಸೂಲಿಗಾರರು ರಾತ್ರಿ ಒಂಬತ್ತಕ್ಕೆ ನನ್ನ ಅತ್ತೆಗೆ ಫೋನ್ ಮಾಡಿ ಬೈಯುತ್ತಾರೆ. ಕರಾರಿನಲ್ಲಿ, ಜಗಳ ಬಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರೇ ತೀರ್ಪು ಕೊಡಬೇಕೆಂಬ ಮಧ್ಯಸ್ಥಿಕೆಯ ಷರತ್ತು ಇರುವುದರಿಂದ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲವಂತೆ. ನಿಜವೇ?
– ಓದುಗರು, ತಿಪಟೂರು

ಉತ್ತರ: ಖಂಡಿತ ಅಲ್ಲ, ತಂಗಿ. ಆ ಷರತ್ತು ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಎಮಾರ್ ಎಂಜಿಎಫ್ ಎಂಬ ಕಟ್ಟಡ ನಿರ್ಮಾಣ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕಂತು ಕಟ್ಟಲೇಬೇಕು, ಆ ಮಾತು ಬೇರೆ. ಆದರೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸುತ್ತೋಲೆಯಲ್ಲೇ ಹೇಳಿದೆ; ಮನೆಯವರನ್ನು ಕಾಡುವುದೂ ತಪ್ಪು. ಅತ್ತೆಯ ಮೊಬೈಲಿನಲ್ಲಿರುವ ಕರೆಗಳ ಪಟ್ಟಿಯನ್ನು ಇಂದೇ ಫೋಟೊ ತೆಗೆದಿಡಿ. ಸಾಲ ಕೊಟ್ಟ ಕಂಪನಿಗೆ ಲಿಖಿತ ದೂರು ಕೊಡಿ. ಮಧ್ಯಸ್ಥಗಾರರ ನೋಟಿಸ್ ಬಂದರೆ ಲಕೋಟೆಯನ್ನೂ ಎಸೆಯಬೇಡಿ, ಸುಮ್ಮನೆ ಸಹಿಯನ್ನೂ ಹಾಕಬೇಡಿ.