ಜಿದ್ದಿಗೂ ಪಕ್ಕದೂರೇ ಬೇಕು

ಓದುಗರ ಪತ್ರ:
"ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳು ತಮ್ಮತಮ್ಮಲ್ಲೇ ಆಡಲು ಕಟ್ಟಿಕೊಂಡ ಗುಂಪು, ಅಂದರೆ ಹಳೆಯ ಕಾನ್ಫರೆನ್ಸ್ ಬಿಟ್ಟು ಹೊಸದು ಸೇರುತ್ತಿರುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದಿದರೆ ಯಾರೋ ತೀರಿಕೊಂಡ ಹಾಗಿತ್ತು. ನಾನು ಹದಿನೆಂಟು ವರ್ಷದಿಂದ ಡಲ್ಲಾಸ್‌ನಲ್ಲಿದ್ದೇನೆ. ಮಗಳು ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಇದೆಲ್ಲ ವ್ಯವಹಾರ ಸಾರ್. ದುಡ್ಡು ಜಾಸ್ತಿ ಸಿಗುವ ಕಡೆ ತಂಡ ಹೋಗುತ್ತದೆ. ನಾವು ಕಂಪನಿ ಬದಲಾಯಿಸುವುದಿಲ್ಲವೇ? ಟೆಕ್ಸಸ್ ಮತ್ತು ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಟೆಕ್ಸಸ್ ಎ ಅಂಡ್ ಎಂ ನಡುವಿನ ಪಂದ್ಯವಂತೂ ವಾಪಸ್ ಬಂದೇ ಬಂತು. ಬೆಂಗಳೂರಿನಲ್ಲಿ ಕೂತು ಯಾರದೋ ಜಗಳಕ್ಕೆ ನೀವೇಕೆ ಅಳಬೇಕು?"

ಸಂಪಾದಕರ ಉತ್ತರ:
ಮೊದಲು ನಿಮ್ಮ ಕನ್ನಡಕ್ಕೆ ಒಂದು ಶಭಾಷ್. ಹದಿನೆಂಟು ವರ್ಷ ಅಲ್ಲಿದ್ದೂ ಇಷ್ಟು ಚೆನ್ನಾಗಿ ಬೈಯುತ್ತೀರಲ್ಲ, ನಮ್ಮ ಕಚೇರಿಯಲ್ಲೇ ಇಬ್ಬರಿಗೆ ಇದು ಬರುವುದಿಲ್ಲ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳುವುದಿಲ್ಲ. ಅವರ ಫುಟ್‌ಬಾಲ್‌ನಿಂದ (ನಮ್ಮದಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಬರುವ ದುಡ್ಡಿನಲ್ಲೇ ಆ ಕಾಲೇಜುಗಳ ಈಜು, ವಾಲಿಬಾಲ್, ಹುಡುಗಿಯರ ಆಟಗಳೆಲ್ಲ ನಡೆಯುತ್ತವೆ. 2025ರ ಕೋರ್ಟ್ ಒಪ್ಪಂದದ ನಂತರ ಆಡುವ ಹುಡುಗರಿಗೂ ಕಾಲೇಜೇ ನೇರವಾಗಿ ಹಣ ಕೊಡಬಹುದು. ಅದು ನ್ಯಾಯ, ತಡವಾಗಿ ಬಂದ ನ್ಯಾಯ. ಸರಿ, ನಿಮ್ಮ ಕಡೆಯ ಮಾತು ಆಯಿತು. ಈಗ ನನ್ನದು ಕೇಳಿ.

2023ರ ನವೆಂಬರ್ 4, ಶನಿವಾರ. ನಾನು ಓಕ್ಲಹೋಮದ ಎಡ್ಮಂಡ್‌ನಲ್ಲಿ ಅಕ್ಕನ ಮಗನ ಮನೆಯಲ್ಲಿದ್ದೆ. ಪಕ್ಕದ ಮನೆಯ ಬಾಗಿಲಲ್ಲಿ ಒಂದು ಬಾವುಟ. ಅರ್ಧ ಕಡುಗೆಂಪು, ಅರ್ಧ ಕಿತ್ತಳೆ, ನಡುವೆ ಹೊಲಿಗೆ. ಗಂಡ ನಿಮ್ಮ ಮಗಳ ಓಕ್ಲಹೋಮ, ಹೆಂಡತಿ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಓಕ್ಲಹೋಮ ಸ್ಟೇಟ್. ಇಬ್ಬರೂ ಅರವತ್ತು ದಾಟಿದವರು. ನಮ್ಮನ್ನೂ ಮ್ಯಾಚ್ ನೋಡಲು ಕರೆದರು. ನನಗೆ ಮಾಂಸ ಹಾಕದ ಬೀನ್ಸ್ ಬೇರೆ ಪಾತ್ರೆಯಲ್ಲಿ ಬೇಯಿಸಿದ್ದರು. ಆ ಮನೆಯ ಪದ್ಧತಿ ಏನು ಅಂದರೆ, ಯಾರ ತಂಡ ಸೋಲುತ್ತದೋ ಅವರು ಒಂದು ವಾರ ಪಾತ್ರೆ ತೊಳೆಯಬೇಕು.

ಆ ಪಂದ್ಯಕ್ಕೆ ಅಲ್ಲಿ ಬೆಡ್ಲಮ್ ಅಂತ ಹೆಸರು. ಅಂದರೆ ಗದ್ದಲ, ಹುಚ್ಚರ ಸಂತೆ. 1910ರಿಂದ ಒಂದು ವರ್ಷವೂ ತಪ್ಪದೆ ನಡೆದಿತ್ತು. ಈ ಕಾನ್ಫರೆನ್ಸ್ ಬದಲಾವಣೆಯಿಂದಾಗಿ ಅವತ್ತಿನದು ಸದ್ಯಕ್ಕೆ ಕೊನೆಯದು ಅಂತ ಎಲ್ಲರಿಗೂ ಗೊತ್ತು. ಸ್ಟೇಟ್ ತಂಡ 27–24ರಲ್ಲಿ ಗೆದ್ದಿತು. ಸ್ಟೇಟ್‌ನ ಊರು ಸ್ಟಿಲ್‌ವಾಟರ್‌ನಲ್ಲಿ ಜನ ಮೈದಾನಕ್ಕೆ ನುಗ್ಗಿದ್ದು ಟಿವಿಯಲ್ಲಿ ಕಾಣುತ್ತಿತ್ತು. ಯಜಮಾನರು ಮಾತಿಲ್ಲದೆ ಎದ್ದು, ತೋಳು ಮಡಚಿ, ಸಿಂಕ್ ಹತ್ತಿರ ಹೋದರು. ಆಕೆ ಕೂತಲ್ಲಿಂದಲೇ ಕೇಳಿದರು: "ಮುಂದಿನ ವರ್ಷ ಪಾತ್ರೆ ಯಾರು ತೊಳೆಯೋದು?" ನಲ್ಲಿ ನೀರಿನ ಸದ್ದು ಬಿಟ್ಟು ಬೇರೆ ಉತ್ತರ ಬರಲಿಲ್ಲ.

ಲೆಕ್ಕ ನೋಡಿ. ಆ ದಿನದ ಹೊತ್ತಿಗೆ ಓಕ್ಲಹೋಮ 91 ಸಲ ಗೆದ್ದಿತ್ತು, ಸ್ಟೇಟ್ 20 ಸಲ, 7 ಸಮ. ತೊಂಬತ್ತೊಂದು ಸಲ ಸೋತವರಿಗೂ ಆ ಪಂದ್ಯ ಬೇಕಿತ್ತು. ಇದು ಯಾವ ವ್ಯವಹಾರದ ಲೆಕ್ಕಕ್ಕೆ ಬರುತ್ತದೆ, ಹೇಳಿ?

ಮೊದಲ ಪಂದ್ಯ ನಡೆದದ್ದು 1904ರಲ್ಲಿ, ಗತ್ರಿ ಎಂಬ ಊರಿನಲ್ಲಿ. ಓಕ್ಲಹೋಮ ಆಗಿನ್ನೂ ರಾಜ್ಯವೇ ಆಗಿರಲಿಲ್ಲ. ಕೊರೆಯುವ ಚಳಿ, ಎದುರುಗಾಳಿ. ಒದ್ದ ಚೆಂಡು ಹಿಂದಕ್ಕೆ ಹಾರಿ, ಉರುಳಿಕೊಂಡು ಹೋಗಿ ಪಕ್ಕದ ಹಳ್ಳಕ್ಕೆ ಬಿತ್ತು. ಎರಡೂ ಕಡೆಯ ಹುಡುಗರು ಆ ಚಳಿಯಲ್ಲಿ ನೀರಿಗೆ ಹಾರಿದರು! ಓಕ್ಲಹೋಮದವನೊಬ್ಬ ಚೆಂಡು ಹಿಡಿದು ದಡಕ್ಕೆ ತಂದು ಅಂಕ ಗಳಿಸಿದ. ಕೊನೆಗೆ 75–0. ನಿಮ್ಮ ಮಗಳಿಗೆ ಈ ಕತೆ ಗೊತ್ತಾ? ಗೊತ್ತಿಲ್ಲದಿದ್ದರೆ ದಯವಿಟ್ಟು ಹೇಳಿ, ಅವಳ ಕಾಲೇಜಿನದೇ ಕತೆ.

ಇನ್ನು ಟೆಕ್ಸಸ್ ಮತ್ತು ಎ ಅಂಡ್ ಎಂ. ವಾಪಸ್ ಬಂತು ಅಂತ ಬೀಗುತ್ತೀರಿ. ಹೋಗಿದ್ದು ಯಾಕೆ? 2012ರಲ್ಲಿ ಎ ಅಂಡ್ ಎಂ, ಬಿಗ್ 12 ಎಂಬ ಕಾನ್ಫರೆನ್ಸ್ ಬಿಟ್ಟು ಎಸ್‌ಇಸಿ ಎಂಬ ಇನ್ನೊಂದನ್ನು ಸೇರಿತು. 2011ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಾತ್ರಿ ಟೆಕ್ಸಸ್ ಕೊನೆಯ ಒದೆತದಲ್ಲಿ 27–25ರಿಂದ ಗೆದ್ದದ್ದೇ ಕೊನೆ. 1894ರಲ್ಲಿ ಶುರುವಾದ ಪಂದ್ಯ ಹನ್ನೆರಡು ಸೀಸನ್ ನಿಂತುಹೋಯಿತು. ಎ ಅಂಡ್ ಎಂ ಕಾಲೇಜಿನ ಹಾಡಿನಲ್ಲಿ ಇರುವುದೆಲ್ಲ ಟೆಕ್ಸಸ್ ಮೇಲಿನ ಸಿಟ್ಟೇ. ಟೆಕ್ಸಸ್ ತಂಡದ ಲಾಂಛನವಾದ ಆ ಉದ್ದ ಕೊಂಬಿನ ಎತ್ತಿನ ಕೊಂಬು ಗರಗಸದಲ್ಲಿ ಕುಯ್ಯುತ್ತೇವೆ ಅಂತ ಹೆಗಲಿಗೆ ಹೆಗಲು ಕೊಟ್ಟು ತೂಗಾಡುತ್ತಾ ಹಾಡುತ್ತಾರೆ. ಹನ್ನೆರಡು ವರ್ಷ ಎದುರಿಗೆ ಎತ್ತೂ ಇಲ್ಲ, ಕೊಂಬೂ ಇಲ್ಲ. ಆದರೂ ಬೇರೆ ಯಾರ ಜೊತೆ ಆಡುವಾಗಲೂ ಅದನ್ನೇ ಹಾಡಿದರು! 2013ರಲ್ಲಿ ಈ ಪಂದ್ಯ ಆಡಲೇಬೇಕು ಅಂತ ಟೆಕ್ಸಸ್ ಶಾಸನಸಭೆಯಲ್ಲಿ ಒಬ್ಬರು ಮಸೂದೆಯನ್ನೇ ತಂದರು. ಪಾಸಾಗಲಿಲ್ಲ. ಆದರೂ ಆ ಶಾಸಕರಿಗೆ ನನ್ನದೊಂದು ನಮಸ್ಕಾರ.

2024ರಲ್ಲಿ ಅದು ವಾಪಸ್ ಬಂದದ್ದು ಯಾರಿಗೋ ಮನಸ್ಸು ಕರಗಿ ಅಲ್ಲ. ಅದೇ ದುಡ್ಡಿನ ಜಾಡು ಹಿಡಿದು ಟೆಕ್ಸಸ್ಸೂ ಎಸ್‌ಇಸಿಗೆ ಹೋಯಿತು, ಅಷ್ಟೇ. ಅದರ ಕೈಹಿಡಿದು ಹೋದದ್ದು ಯಾರು? ಓಕ್ಲಹೋಮ. ಅಂದರೆ ಟೆಕ್ಸಸ್‌ನವರಿಗೆ ಹಳೆಯ ದಾಯಾದಿ ಸಿಕ್ಕಿದ ಅದೇ ಗಳಿಗೆಯಲ್ಲಿ ಎಡ್ಮಂಡ್‌ನ ಆ ಮನೆಯ ಬೆಡ್ಲಮ್ ಹೋಯಿತು. ಡಲ್ಲಾಸ್‌ನಿಂದ ನಿಮಗೆ ಬಂದದ್ದು ಕಾಣುತ್ತದೆ. ಹೋದದ್ದು ಮೂರು ಗಂಟೆ ಕಾರು ಓಡಿಸಿದರೆ ಸಿಗುತ್ತದೆ.

ಇದಕ್ಕೊಂದು ಹಿಂದಿನ ಕತೆ ಇದೆ. ಹಿಂದೆ ಯಾವ ಕಾಲೇಜು ಎಷ್ಟು ಸಲ ಟಿವಿಯಲ್ಲಿ ಬರಬೇಕು ಅಂತ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆ ತೀರ್ಮಾನಿಸುತ್ತಿತ್ತು. ಇದು ತಪ್ಪು ಅಂತ ಎರಡು ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಒಂದು ಜಾರ್ಜಿಯ. ಇನ್ನೊಂದು, ಹೌದು ಸ್ವಾಮಿ, ಓಕ್ಲಹೋಮ. 1984ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ಆ ನ್ಯಾಯಪೀಠದಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರನಾಗಿದ್ದವರು ಅವರೊಬ್ಬರೇ. ಆಡಿದವನಿಗೆ ವಾಸನೆ ಬಡಿದಿತ್ತು ಅಂತ ನನ್ನ ಅನಿಸಿಕೆ. ಅಲ್ಲಿಂದ ಮುಂದೆ ಟಿವಿ ಹಕ್ಕು ಕಾನ್ಫರೆನ್ಸ್‌ಗಳ ಕೈಗೆ ಬಂತು. ಜೊತೆಗೆ ಯಾರಿದ್ದರೆ ಟಿವಿಯವರು ಜಾಸ್ತಿ ಕೊಡುತ್ತಾರೆ ಅನ್ನುವುದೇ ಲೆಕ್ಕವಾಯಿತು. 2022ರಲ್ಲಿ ಬಿಗ್ ಟೆನ್ ಎಂಬ ಕಾನ್ಫರೆನ್ಸ್ ಟಿವಿಯವರ ಜೊತೆ ಮಾಡಿಕೊಂಡ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರ್‌ಗೂ ಜಾಸ್ತಿ ಅಂತ ಪತ್ರಿಕೆಗಳು ಬರೆದವು. ಹಣ ಅಂದರೆ ಹೆಣವೂ ಬಾಯಿಬಿಡುತ್ತದೆ, ಇನ್ನು ಕಾಲೇಜು ಯಾವ ಲೆಕ್ಕ?

ಈಗಿನ ಸ್ಥಿತಿ ನೋಡಿ. ಬಿಗ್ ಟೆನ್‌ನಲ್ಲಿ 18 ತಂಡ. ಬಿಗ್ 12ರಲ್ಲಿ 16. ಪೆಸಿಫಿಕ್ ಸಮುದ್ರದ ಪಕ್ಕದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇರುವುದು 'ಅಟ್ಲಾಂಟಿಕ್ ಕರಾವಳಿ' ಕಾನ್ಫರೆನ್ಸ್‌ನಲ್ಲಿ. ಲೆಕ್ಕ, ಭೂಗೋಳ ಎರಡನ್ನೂ ಕಾಲೇಜುಗಳೇ ಮರೆತರೆ ಮಕ್ಕಳಿಗೆ ಯಾರು ಕಲಿಸಬೇಕು? 1915ರಲ್ಲಿ ಹುಟ್ಟಿದ ಪಶ್ಚಿಮ ಕರಾವಳಿಯ ಗುಂಪನ್ನು ಬಿಡುವುದಾಗಿ ಎರಡು ತಂಡ 2022ರಲ್ಲೇ ಹೇಳಿದ್ದವು; 2023ರ ಬೇಸಿಗೆಯಲ್ಲಿ ಕೆಲವೇ ವಾರದಲ್ಲಿ ಅದು ಪೂರ್ತಿ ಒಡೆದು, ಹನ್ನೆರಡರಲ್ಲಿ ಎರಡೇ ಉಳಿದವು. ವಾಷಿಂಗ್ಟನ್ ಸ್ಟೇಟ್ ಮತ್ತು ಒರೆಗಾನ್ ಸ್ಟೇಟ್. ಎರಡೂ ಸಣ್ಣ ಊರಿನವು. ಎಷ್ಟೇ ನಿಷ್ಠೆ ಇದ್ದರೂ ಊರು ಸಣ್ಣದಾದರೆ ಟಿವಿಗೆ ಬೇಡ. ಇತ್ತ ಲಾಸ್ ಏಂಜಲೀಸ್‌ನ ಹುಡುಗಿಯರು ಒಂದು ವಾಲಿಬಾಲ್ ಪಂದ್ಯಕ್ಕೆ ನ್ಯೂಜೆರ್ಸಿಗೆ ಹಾರಬೇಕು. ಸುಮಾರು 4000 ಕಿಲೋಮೀಟರ್, ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗಿ ಬಂದರೂ ಅಷ್ಟಾಗುವುದಿಲ್ಲ. ಮಧ್ಯೆ ಪರೀಕ್ಷೆ ಬೇರೆ.

ಜಿದ್ದು ಅನ್ನುವುದು ದೂರದವರ ಜೊತೆ ಹುಟ್ಟುವುದಿಲ್ಲ ಸ್ವಾಮಿ. ದಾಯಾದಿ ಪಕ್ಕದ ಗದ್ದೆಯಲ್ಲೇ ಇರಬೇಕು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಅವನ ಮುಖ ನೋಡಲೇಬೇಕು. ಸೋಲು ಅಂದರೆ ಅದು.

ಹೊನ್ನಾಳಿ ಕಡೆಯವನು ನಾನು. ನಮ್ಮ ಕಾಲೇಜಿಗೂ ಹೊಳೆಯಾಚೆಯ ಕಾಲೇಜಿಗೂ ಕಬಡ್ಡಿಯಲ್ಲಿ ಅಂಥ ಜಿದ್ದು. ಒಂದು ವರ್ಷ ನಾವು ಸೋತಾಗ, ಎದುರು ತಂಡದ ನಾಯಕನಾಗಿದ್ದ ನನ್ನ ಸೋದರಮಾವನ ಮಗ ಅದೇ ಸಂಜೆ ನಮ್ಮ ಮನೆಗೆ ಊಟಕ್ಕೆ ಬಂದ. ಅಮ್ಮ ಅವನಿಗೇ ಮೊದಲು ಹೋಳಿಗೆ ಬಡಿಸಿದಳು. ಆ ಹೋಳಿಗೆಯ ಸಂಕಟ ಇವತ್ತಿಗೂ ಇದೆ. ಆಮೇಲೆ ವಿಶ್ವವಿದ್ಯಾಲಯ ಒಡೆದು ಎರಡಾಯಿತು. ನಾವು ಒಂದಕ್ಕೆ, ಅವರು ಇನ್ನೊಂದಕ್ಕೆ. ಈಗ ನಮ್ಮ ಹುಡುಗರು ಹೆಸರೂ ಕೇಳದ ಊರಿಗೆ ಬಸ್ಸಿನಲ್ಲಿ ಹೋಗಿ ಆಡಿ ಬರುತ್ತಾರೆ. ಸೋತರೂ ಗೆದ್ದರೂ ಕೇಳುವವರಿಲ್ಲ.

ರಣಜಿಯಲ್ಲೂ ಹಾಗೇ ಆಯಿತು. ವಲಯವಾರು ಪಂದ್ಯಗಳಿದ್ದಾಗ ಕರ್ನಾಟಕಕ್ಕೆ ಪ್ರತಿ ವರ್ಷ ತಮಿಳುನಾಡು, ಹೈದರಾಬಾದ್ ಸಿಗುತ್ತಿದ್ದವು. 2002–03ರಲ್ಲಿ ಎಲೀಟ್, ಪ್ಲೇಟ್ ಅಂತ ವಿಂಗಡಿಸಿದರು. ಗುಣಮಟ್ಟ ಏರಿತು ಅನ್ನುತ್ತಾರೆ, ಇರಬಹುದು. ಚಿನ್ನಸ್ವಾಮಿಯಲ್ಲಿ ಬುತ್ತಿ ಕಟ್ಟಿಕೊಂಡು ಬಂದು ತಮಿಳುನಾಡಿನ ಬೌಲರ್‌ಗೆ ಹೆಸರು ಹಿಡಿದು ಕೀಟಲೆ ಮಾಡುತ್ತಿದ್ದವರು ಎಲ್ಲಿ ಹೋದರು ಅಂತ ಮಾತ್ರ ಯಾರೂ ಕೇಳಲಿಲ್ಲ. ದಿನಪತ್ರಿಕೆಗಳ ಜಿಲ್ಲಾ ಪುಟ ನೋಡಿ, ಅದೂ ಹೀಗೇ ಸೊರಗುತ್ತಿದೆ. ಆ ವಿಷಯ ಎತ್ತಿದರೆ ಇನ್ನೊಂದು ಸಂಚಿಕೆ ಬೇಕು.

ಕಂಪನಿ ಬದಲಾಯಿಸುವುದಿಲ್ಲವೇ ಅಂತ ಕೇಳಿದಿರಿ. ಬದಲಾಯಿಸಿ, ತಪ್ಪಿಲ್ಲ. ಆದರೆ ಹದಿನೆಂಟು ವರ್ಷದಲ್ಲಿ ಈ ಪತ್ರಿಕೆ ಬದಲಾಯಿಸಲಿಲ್ಲವಲ್ಲ, ಅದು ಯಾವ ವ್ಯವಹಾರ?

ಹೋದ ನವೆಂಬರ್‌ನಲ್ಲಿ ಅಕ್ಕನ ಮಗನಿಗೆ ಫೋನ್ ಮಾಡಿದಾಗ ಪಕ್ಕದ ಮನೆ ಬಾವುಟದ ಬಗ್ಗೆ ವಿಚಾರಿಸಿದೆ. "ಯಾವ ಶನಿವಾರ ಕಟ್ಟೋದು ಅಂತ ಗೊತ್ತಾಗದೆ ಗ್ಯಾರೇಜಲ್ಲಿ ಇಟ್ಟಿದ್ದಾರೆ ಮಾಮ" ಅಂದ. ಪಾತ್ರೆ ಯಾರು ತೊಳೆಯುತ್ತಾರೆ ಅಂತ ಕೇಳಲು ಮರೆತೆ. ನಿಮ್ಮ ಮಗಳು ಆ ಕಡೆ ಹೋದರೆ ವಿಚಾರಿಸಿ ಬರೆಯಲು ಹೇಳಿ. ಕಾಗದ ಚಿಕ್ಕದಾಗಿರಲಿ, ಇಲ್ಲಿ ಜಾಗ ಕಮ್ಮಿ.

– ಸಂ.