ಹಳೇ ಎಂಎಕ್ಸ್-5ಗೆ ಹೊಸ ಬುಷ್: ರಬ್ಬರಾ, ಪಾಲಿನಾ?

ಪ್ರಶ್ನೆ: ಸಾರ್, ನಾನು ಶಿವಮೊಗ್ಗದೋನು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೀನಿ. ಹೋದ ವರ್ಷ 1994ರ ಮಜ್ದಾ ಎಂಎಕ್ಸ್-5 ತಗೊಂಡೆ, ಹೆಡ್‌ಲೈಟ್ ಮೇಲೆ ಎದ್ದು ಬರುತ್ತಲ್ಲ ಆ ಮಾಡೆಲ್ಲು. ಇಂಜಿನ್ ಚೆನ್ನಾಗಿದೆ, ಆದ್ರೆ ಗುಂಡಿ ಹತ್ತಿದ್ರೆ ಹಿಂದ್ಗಡೆ ಟಕ್ ಅಂತ ಸೌಂಡು, ಹೈವೇಲಿ ಸ್ಟೇರಿಂಗ್ ಆಚೀಚೆ ಅಲೆಯುತ್ತೆ, ಟೈರ್ ಒಳಗಡೆ ಸೈಡ್ ಮಾತ್ರ ಸವೀತಿದೆ. ಎಂಒಟಿ ಟೆಸ್ಟಲ್ಲಿ (ಇಲ್ಲಿನ ವಾರ್ಷಿಕ ಗಾಡಿ ತಪಾಸಣೆ) ಬುಷ್, ಅಂದ್ರೆ ಚಕ್ರ ಹಿಡಿದಿರೋ ಸಸ್ಪೆನ್ಷನ್ ಆರ್ಮಿನ ಕೀಲಲ್ಲಿ ಕೂರೋ ರಬ್ಬರ್ ಮೆತ್ತೆ, ಸವೆದಿದೆ ಅಂತ ಬರೆದುಕೊಟ್ಟಿದಾರೆ, ಫೇಲ್ ಮಾಡಿಲ್ಲ. ಮನೇಲೇ ನಾನೇ ಬದಲಾಯಿಸಬಹುದಾ? ಪಾಲಿ, ಅಂದ್ರೆ ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಪ್ಲಾಸ್ಟಿಕ್ ಹಾಕೋದಾ, ರಬ್ಬರ್ ಹಾಕೋದಾ?

ಉತ್ತರ: ಮಾಡಬಹುದು, ಆದ್ರೆ ಒಂದು ಶನಿವಾರ-ಭಾನುವಾರದಲ್ಲಿ ಮುಗಿಯುತ್ತೆ ಅಂದ್ಕೊಂಡು ಶುರು ಮಾಡಬೇಡಿ, ಸೋಮವಾರ ಆಫೀಸಿಗೆ ಹೋಗೋಕೆ ಬೇರೆ ವ್ಯವಸ್ಥೆ ಇರಲಿ.

ಮೊದಲು ಆ ಟಕ್ ಅನ್ನೋದು ಬುಷ್ಷಿಂದೇ ಅಂತ ಖಾತ್ರಿ ಮಾಡ್ಕೊಳ್ಳಿ. ಆಂಟಿ-ರೋಲ್ ಬಾರಿನ (ತಿರುವಲ್ಲಿ ಗಾಡಿ ವಾಲದಂಗೆ ಹಿಡಿಯೋ ಸರಳು) ಲಿಂಕು ಸವೆದ್ರೂ ಹೀಗೇ ಸೌಂಡ್ ಬರುತ್ತೆ, ಅದನ್ನ ಬದಲಾಯಿಸೋದು ಅರ್ಧ ಗಂಟೆ ಕೆಲಸ, ದುಡ್ಡೂ ಕಮ್ಮಿ. ಆಮೇಲೆ ಗಾಡಿನ ಸ್ಟ್ಯಾಂಡ್ ಮೇಲೆ ಇಟ್ಟು (ಬರೀ ಜಾಕ್ ನಂಬ್ಕೊಂಡು ಯಾವತ್ತೂ ಕೆಳಗೆ ನುಗ್ಗಬೇಡಿ) ಒಂದು ಉದ್ದ ರಾಡಿಂದ ಆರ್ಮನ್ನ ಮೀಟಿ ನೋಡಿ, ರಬ್ಬರ್ ಬಿರುಕು ಬಿಟ್ಟು ಒಳಗಿನ ಪೈಪು ಒಂದು ಕಡೆಗೆ ಸರಿದಿದ್ರೆ ಬುಷ್ ಕಥೆ ಮುಗೀತು. ನೀವು ಹೇಳಿರೋ ಮೂರೂ ಲಕ್ಷಣ ನೋಡಿದ್ರೆ ಮುಗಿದಿದೆ ಅಂತಲೇ ನನ್ನ ಅಂದಾಜು, ಗಾಡಿಗೆ ಮೂವತ್ತು ವರ್ಷ ಆಯ್ತಲ್ಲ.

ಈ ಕಾರಲ್ಲಿ ನಾಲ್ಕೂ ಮೂಲೇಲಿ ಡಬಲ್ ವಿಶ್‌ಬೋನ್, ಅಂದ್ರೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮು. ಗಾಡಿ ಹಗುರ ಇರೋದ್ರ ಜೊತೆಗೆ ಓಡಿಸೋಕೆ ಅಷ್ಟು ಮಜಾ ಕೊಡೋದು ಇದರಿಂದ್ಲೂ, ಬುಷ್ ಬದಲಾಯಿಸೋವಾಗ ಬೆವರು ಇಳಿಸೋದೂ ಇದೇ. ನಿಜವಾದ ಶತ್ರು ರಬ್ಬರ್ ಅಲ್ಲ, ತುಕ್ಕು. ಅಲ್ಲಿ ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರೀತಾರಲ್ಲ, ಅದು ಬೋಲ್ಟನ್ನೂ ಬುಷ್ಷಿನ ಒಳಗಿನ ಪೈಪನ್ನೂ ಒಂದೇ ಕಬ್ಬಿಣ ಮಾಡಿಬಿಟ್ಟಿರುತ್ತೆ. ಹಿಂದಿನ ಕೆಳಗಿನ ಆರ್ಮಿನ ತುದೀಲಿ ಹಬ್ (ಚಕ್ರ ಕೂರೋ ಭಾಗ) ಹಿಡ್ಕೊಂಡಿರೋ ಉದ್ದ ಬೋಲ್ಟು ಈ ವಿಷಯದಲ್ಲಿ ಕುಖ್ಯಾತ, ಒಂದು ವಾರ ಮುಂಚೆಯಿಂದ್ಲೇ ತುಕ್ಕೊಳಗೆ ಇಳಿಯೋ ಪೆನೆಟ್ರೇಟಿಂಗ್ ಆಯಿಲ್ ಹೊಡೀತಾ ಇರಿ, ಬರಲ್ಲ ಅಂದ್ರೆ ಪವರ್ ಗರಗಸ ತಗೊಂಡು ಕತ್ತರಿಸಿ. ಅದಕ್ಕೇ ಹೇಳೋದು, ಹೊಸ ಬೋಲ್ಟು ಮೊದಲೇ ತಂದಿಟ್ಕೊಳ್ಳಿ.

ಕೆಳಗಿನ ಆರ್ಮುಗಳ ಒಳಗಿನ ಬೋಲ್ಟುಗಳಿಗೆ ಕ್ಯಾಮ್ (ತಿರುಗಿಸಿದ್ರೆ ಆರ್ಮನ್ನ ಆಚೀಚೆ ಸರಿಸೋ ಬಿಲ್ಲೆ) ಇದೆ, ಒಂದೊಂದು ಮೂಲೆಗೆ ಎರಡೆರಡು. ಅಲೈನ್‌ಮೆಂಟ್, ಅಂದ್ರೆ ಚಕ್ರ ನಿಲ್ಲೋ ಕೋನ, ಹಿಡಿದಿರೋದು ಅವೇ, ಹಾಗಾಗಿ ಬಿಚ್ಚೋ ಮುಂಚೆ ಎಲ್ಲಿ ನಿಂತಿದೆ ಅಂತ ಪೇಂಟಲ್ಲಿ ಗುರುತು ಹಾಕಿ, ಫೋನಲ್ಲಿ ಫೋಟೋನೂ ಹೊಡ್ಕೊಳ್ಳಿ. ಜೊತೆಗೆ ಇನ್ನೊಂದು ಅಳತೆ: ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರೋವಾಗ ಚಕ್ರದ ನಟ್ಟನಡುವಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರೆದಿಟ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಹಳೇ ಬುಷ್ ತೆಗೆಯೋಕೆ ಕೆಲವರು ಬೆಂಕಿ ಹಚ್ಚಿ ರಬ್ಬರ್ ಸುಡ್ತಾರೆ, ಬೇಡ, ಆ ಹೊಗೆ ವಿಷ, ಪಕ್ಕದ ಮನೆಯೋರು ಸುಮ್ನಿರಲ್ಲ ಅನ್ನೋದು ಬೇರೆ. ರಬ್ಬರನ್ನ ಡ್ರಿಲ್ ಮಾಡಿ ಸಡಿಲ ಮಾಡಿ, ಹೊರಗಿನ ಉಕ್ಕಿನ ಬಳೇನ ಹ್ಯಾಕ್ಸಾ ಬ್ಲೇಡಲ್ಲಿ ಹುಷಾರಾಗಿ ಸೀಳಿ ಹೊರಗೆ ಹಾಕಬಹುದು, ಆರ್ಮಿಗೆ ಗಾಯ ಆಗಬಾರದು ಅಷ್ಟೇ. ಹೈಡ್ರಾಲಿಕ್ ಪ್ರೆಸ್ ಇರೋ ಗ್ಯಾರೇಜಿಗೆ ಆರ್ಮುಗಳನ್ನ ಚೀಲಕ್ಕೆ ಹಾಕ್ಕೊಂಡು ಹೋಗಿ ಕೊಟ್ರೆ ಇನ್ನೂ ಸುಲಭ, ನಾನಾದ್ರೆ ಅದನ್ನೇ ಮಾಡೋದು. ಆರ್ಮೇ ತುಕ್ಕು ತಿಂದು ಪದರ ಪದರ ಏಳ್ತಿದ್ರೆ ಅದಕ್ಕೆ ಹೊಸ ಬುಷ್ ಹಾಕೋದು ದಂಡ, ಬುಷ್ ಸಮೇತ ಬರೋ ಹೊಸ ಆರ್ಮನ್ನೇ ತಗೊಳ್ಳಿ.

ಈಗ ರಬ್ಬರಾ ಪಾಲಿನಾ. ರಬ್ಬರ್ ಬುಷ್ಷಿಗೂ ಪಾಲಿಗೂ ಕೆಲಸ ಮಾಡೋ ರೀತೀಲೇ ವ್ಯತ್ಯಾಸ ಇದೆ. ರಬ್ಬರ್ ಒಳಗಿನ ಪೈಪಿಗೂ ಹೊರಗಿನ ಬಳೆಗೂ ಅಂಟ್ಕೊಂಡಿರುತ್ತೆ, ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರೇ ತಿರುಚ್ಕೊಂಡು ಮತ್ತೆ ವಾಪಸ್ ಬರುತ್ತೆ. ಪಾಲಿ ಹಂಗಲ್ಲ, ಅದು ಪೈಪಿನ ಮೇಲೆ ಜಾರುತ್ತೆ, ಹಾಗಾಗಿ ಗ್ರೀಸ್ ಬೇಕು, ಗ್ರೀಸ್ ಒಣಗಿದ್ರೆ ಹಳೇ ಮನೆ ಬಾಗಿಲ ಥರ ಕಿರ್ ಅನ್ನುತ್ತೆ. ಕೈಯಲ್ಲೇ ಒತ್ತಿ ಕೂರಿಸಬಹುದು, ಟ್ರ್ಯಾಕಲ್ಲಿ ಓಡಿಸೋರಿಗೆ ಸ್ಟೇರಿಂಗ್ ಚುರುಕಾಗುತ್ತೆ ಅನ್ನೋದೆಲ್ಲ ನಿಜ. ಆದ್ರೆ ನೀವು ಬರೆದಿರೋದು ಹೈವೇ ವಿಷಯ, ಟ್ರ್ಯಾಕ್ ಅಂತ ಎಲ್ಲೂ ಬರೆದಿಲ್ಲ, ಪಾಲಿ ಬುಷ್ಷಿನ ನೇರಳೆ ಬಣ್ಣದ ಸೆಟ್ ನೋಡೋಕೆ ಚೆಂದ ಅಂತ ಹಾಕ್ಸೋದು ಬೇಡ. ನನ್ನ ಓಟು ರಬ್ಬರಿಗೆ.

ರಬ್ಬರ್ ಹಾಕಿದ್ರೆ ಒಂದು ಮಾತು ಮಾತ್ರ ಮರೀಬೇಡಿ, ಇದರಲ್ಲಿ ಹೆಚ್ಚುಕಮ್ಮಿ ಆದ್ರೆ ನಡೆಯಲ್ಲ. ಚಕ್ರ ಗಾಳೀಲಿ ನೇತಾಡ್ತಿರೋವಾಗ ಬೋಲ್ಟ್ ಫುಲ್ ಟೈಟ್ ಮಾಡಿದ್ರೆ ಒಳಗಿನ ಪೈಪು ಆ ಸ್ಥಿತೀಲೇ ಲಾಕ್ ಆಗುತ್ತೆ, ಗಾಡಿ ನೆಲಕ್ಕೆ ಇಳಿಸಿದ ಕೂಡ್ಲೆ ರಬ್ಬರ್ ತಿರುಚ್ಕೊಂಡು ನಿಲ್ಲುತ್ತೆ, ನಿಂತಿದ್ರೂ ತಿರುಚು, ಓಡ್ತಿದ್ರೂ ತಿರುಚು, ಹೊಸ ಬುಷ್ ಬೇಗ ಹರಿಯುತ್ತೆ, ಆಮೇಲೆ ಕಂಪನಿ ಮಾಲು ಸರಿಯಿಲ್ಲ ಅಂತ ಬೈತೀರಿ. ಅದಕ್ಕೇ ಆ ಟೇಪಿನ ಅಳತೆ. ಬೋಲ್ಟುಗಳನ್ನ ಲೂಸಾಗಿ ಬಿಟ್ಟು, ಆಂಟಿ-ರೋಲ್ ಬಾರಿನ ಲಿಂಕ್ ಬಿಚ್ಚಿಟ್ಟು, ಹಬ್ ಕೆಳಗೆ ಜಾಕ್ ಕೊಟ್ಟು ಬರೆದಿಟ್ಟಿದ್ದ ಅಳತೆ ಬರೋವರೆಗೂ ಎತ್ತಿ, ಆಗ ಟೈಟ್ ಮಾಡಿ. ಬೋಲ್ಟಿನ ಮೈಗೆ ತಾಮ್ರದ ಗ್ರೀಸ್ ತೆಳ್ಳಗೆ ಸವರಿದ್ರೆ ಮುಂದಿನ ಸಲ ಗರಗಸ ಬೇಕಾಗಲ್ಲ. ಆಮೇಲೆ ನಿಧಾನಕ್ಕೆ ಓಡಿಸ್ಕೊಂಡು ಸೀದಾ ನಾಲ್ಕು ಚಕ್ರದ ಅಲೈನ್‌ಮೆಂಟಿಗೆ ಹೋಗಿ, ಪೇಂಟ್ ಗುರುತು ಅಲ್ಲೀವರೆಗೆ ತಲುಪೋಕೆ ಮಾತ್ರ.

ಪ್ರಶ್ನೆ: ನಮ್ಮ ಹಳೇ ಗಾಡಿ ಬುಷ್ ಕಿರುಗುಟ್ಟುತ್ತೆ. ಮೆಕ್ಯಾನಿಕ್ ಹಳೇ ಇಂಜಿನ್ ಆಯಿಲ್ ಹೊಡೆದ್ರು, ನಿಂತೇ ಹೋಯ್ತು. ಇದನ್ನೇ ಮಾಡ್ತಾ ಇರಬಹುದಾ? (ಹುಬ್ಬಳ್ಳಿಯಿಂದ)

ಉತ್ತರ: ಬೇಡ್ರೀ. ಸೌಂಡ್ ನಿಂತಿದ್ದು ನಿಜ, ಆದ್ರೆ ಪೆಟ್ರೋಲಿಯಂ ಆಯಿಲ್ ತಾಗಿದ್ರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ, ನಾಳೆ ಕಿರ್ ಬದ್ಲು ಟಕ್ ಟಕ್ ಶುರು ಆಗುತ್ತೆ. ಮಳೆಗಾಲದ ಮುಂಚೆ ತುಕ್ಕು ಹಿಡೀಬಾರದು ಅಂತ ಸರ್ವಿಸ್ ಸ್ಟೇಷನ್ನಲ್ಲಿ ಗಾಡಿ ಕೆಳಗೆಲ್ಲಾ ಆಯಿಲ್ ಸ್ಪ್ರೇ ಮಾಡಿಸೋ ಪದ್ಧತಿನೂ ಇದೇ ಕಾರಣಕ್ಕೆ ನಂಗೆ ಹಿಡಿಸಲ್ಲ. ತಾತ್ಕಾಲಿಕಕ್ಕೆ ಸಿಲಿಕೋನ್ ಸ್ಪ್ರೇ ಹೊಡೀರಿ, ಬಿರುಕು ಕಂಡ್ರೆ ಎರಡೂ ಕಡೆದೂ ಒಟ್ಟಿಗೆ ಬದಲಾಯಿಸಿ.

ಪ್ರಶ್ನೆ: ಮಾರುತಿ ಝೆನ್‌ಗೆ ಬುಷ್ ಮಾತ್ರ ಹಾಕಿದ್ರೆ ಸಾಕಾ, ಪೂರ್ತಿ ಲೋಯರ್ ಆರ್ಮೇ ಬೇಕಾ? (ಬೆಂಗಳೂರಿಂದ)

ಉತ್ತರ: ಆರ್ಮ್ ಬೆಂಡ್ ಇಲ್ಲ, ತುಕ್ಕಿಲ್ಲ, ಬಾಲ್ ಜಾಯಿಂಟ್ (ಆರ್ಮಿನ ಹೊರತುದಿಯ ಗುಂಡು ಕೀಲು) ಅಲ್ಲಾಡ್ತಿಲ್ಲ ಅಂದ್ರೆ ಪ್ರೆಸ್ ಇರೋ ಕಡೆ ಬುಷ್ ಮಾತ್ರ ಕೂರಿಸಿ, ಸಾಕು. ಇದರಲ್ಲಿ ಯಾವುದಾದ್ರೂ ಒಂದು ಕೆಟ್ಟಿದ್ರೆ ಪೂರ್ತಿ ಆರ್ಮಿನ ಲೆಕ್ಕ ಹಾಕಿ ನೋಡಿ, ಲೇಬರ್ ಎರಡು ಸಲ ಕೊಡೋದು ತಪ್ಪುತ್ತೆ. ಗಾಡಿ ನೆಲಕ್ಕಿಳಿದು ಭಾರ ಚಕ್ರದ ಮೇಲೆ ಬಂದ ಮೇಲೆ ಬೋಲ್ಟ್ ಟೈಟ್ ಮಾಡಿ ಅಂತ ಮೆಕ್ಯಾನಿಕ್‌ಗೆ ನೀವೇ ನಿಂತು ಹೇಳಿ, ಹೇಳದಿದ್ರೆ ಬಹಳ ಜನ ಮಾಡಲ್ಲ.