ಹಳೇ ಬಾರ್ಬಿಗೆ ಮದುಮಗಳ ಅಲಂಕಾರ: ಕಡಿಮೆ ಖರ್ಚಿನಲ್ಲಿ ಹೇಗೆ?

ಪ್ರಶ್ನೆ: ಮಗಳು ಆಡಿ ಬಿಟ್ಟ ಮೂರು ಹಳೇ ಬಾರ್ಬಿ ಗೊಂಬೆಗಳು ಅಟ್ಟದಲ್ಲಿ ಸಿಕ್ಕವು. ಕೂದಲು ಗಂಟುಗಂಟಾಗಿದೆ. ಒಂದರ ಕೆನ್ನೆ ಮೇಲೆ ಬಾಲ್ ಪೆನ್ ಗೀಚಿದೆ. ಈ ಸಲ ದಸರಾ ಗೊಂಬೆ ಕೂರಿಸುವಾಗ ಇವಕ್ಕೆ ನಮ್ಮ ಕಡೆಯ ಮದುಮಗಳ ಅಲಂಕಾರ ಮಾಡಿ ಇಡುವ ಆಸೆ. ಮುಖವನ್ನೂ ಬದಲಾಯಿಸಬೇಕು. ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಎಲ್ಲಿಂದ ಶುರು ಮಾಡಲಿ ಮೇಡಂ?
– ಒಬ್ಬ ಓದುಗರು, ತುಮಕೂರು

ಉತ್ತರ: ಖಂಡಿತ ಮಾಡಿ, ಅಟ್ಟದಲ್ಲಿ ಧೂಳು ತಿನ್ನುವ ಗೊಂಬೆಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಆದರೆ ಬಣ್ಣ ತರುವ ಮೊದಲು ಗೊಂಬೆಯನ್ನು ಕೈಯಲ್ಲಿ ಹಿಡಿದು ಅದುಮಿ ನೋಡಿ. ತಲೆ ಮೆತ್ತಗಿರುತ್ತದೆ, ಅದು ವಿನೈಲ್ ಅನ್ನುವ ಮೆತ್ತನೆ ಪ್ಲಾಸ್ಟಿಕ್. ಎದೆ, ಸೊಂಟ ಗಟ್ಟಿ ಪ್ಲಾಸ್ಟಿಕ್. ಎರಡೂ ಬೇರೆ ಬೇರೆ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಅಸಿಟೋನ್ ಇರುತ್ತದೆ. ತಲೆ ತಡೆದುಕೊಳ್ಳುವ ಈ ಅಸಿಟೋನ್ ಗಟ್ಟಿ ಪ್ಲಾಸ್ಟಿಕ್‌ಗೆ ತಾಗಿದರೆ ಅದು ಕರಗಿ, ಬೆಳ್ಳಗೆ ಒರಟಾಗುತ್ತದೆ. ಮನೆಯಲ್ಲಿ ಗೊಂಬೆಗಳು ಹಾಳಾಗುವುದು ಹೆಚ್ಚಾಗಿ ಹೀಗೇ.

ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಆಮೇಲೆ ಪೆನ್ ಗೀಚು. ಮೆಡಿಕಲ್ ಶಾಪ್‌ನಲ್ಲಿ ಮೊಡವೆಗೆ ಅಂತ ಬೆಂಝಾಯಿಲ್ ಪೆರಾಕ್ಸೈಡ್ ಕ್ರೀಮ್ ಸಿಗುತ್ತದೆ. ಅದನ್ನು ಕಲೆ ಇರುವಲ್ಲಿ ಮಾತ್ರ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗೆ ಇಡಿ. ಒಂದೇ ದಿನಕ್ಕೆ ಹೋಗುವುದಿಲ್ಲ. ಒಣಗಿದರೆ ಒರೆಸಿ ಮತ್ತೆ ಹಚ್ಚಿ, ದಿನಾ ನೋಡುತ್ತಾ ಇರಿ. ಕಲೆ ಹೋದ ಮೇಲೂ ಬಿಟ್ಟರೆ ಆ ಜಾಗ ಬಿಳಿಚಿಕೊಳ್ಳುತ್ತದೆ. ಬಟ್ಟೆಗೆ ತಾಗಿದರೆ ಅದರ ಬಣ್ಣವೂ ಹೋಗುತ್ತದೆ, ಹುಷಾರು.

ಕೂದಲಿಗೆ ದಯವಿಟ್ಟು ಕೊಬ್ಬರಿ ಎಣ್ಣೆ ಹಾಕಬೇಡಿ. ನಮ್ಮ ಕೈ ತಾನಾಗಿ ಅತ್ತ ಹೋಗುತ್ತದೆ, ನಿಜ. ಆದರೆ ಅದು ನೈಲಾನ್ ಥರದ ಎಳೆ. ಎಣ್ಣೆ ಒಳಗೆ ಇಳಿಯುವುದಿಲ್ಲ, ಮೇಲೆ ನಿಂತು ಧೂಳು ಹಿಡಿಯುತ್ತದೆ. ಶಾಂಪೂ ಹಾಕಿ ತೊಳೆದು, ಬಟ್ಟೆ ಕಂಡೀಷನರ್ ಬೆರೆಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ತುದಿಯಿಂದ ಬಾಚುತ್ತಾ ಮೇಲಕ್ಕೆ ಬನ್ನಿ, ಗಂಟು ಬಿಡುತ್ತದೆ. ಆಮೇಲೆ ನೀರು ಕುದಿಸಿ ಒಲೆ ಆರಿಸಿ. ಕೂದಲನ್ನು ಮಾತ್ರ ಕೆಲವು ಸೆಕೆಂಡ್ ಅದ್ದಿ, ತೆಗೆದು ನೇರವಾಗಿ ಬಾಚಿ, ತಣ್ಣೀರಲ್ಲಿ ಅದ್ದಿ. ನೈಲಾನ್ ಅಥವಾ ಸಾರನ್ ಅನ್ನುವ ಪ್ಲಾಸ್ಟಿಕ್ ಎಳೆಯ ಕೂದಲಾದರೆ ರೇಷ್ಮೆ ಹಾಗೆ ಇಳಿಬೀಳುತ್ತದೆ. ಕೆಲವು ಅಗ್ಗದ ಗೊಂಬೆಗಳದ್ದು ಪಾಲಿಪ್ರೊಪಿಲಿನ್ ಅನ್ನುವ ಬೇರೆ ಪ್ಲಾಸ್ಟಿಕ್ ಎಳೆ. ಅದು ಎಷ್ಟು ಮಾಡಿದರೂ ಪೊರಕೆ ಥರವೇ ಇರುತ್ತದೆ, ಅದಕ್ಕೆ ಜಡೆ ಹಾಕಿಬಿಡಿ. ಮದುಮಗಳಿಗೆ ಹೇಗೂ ಮೊಗ್ಗಿನ ಜಡೆ ಬೇಕು ಅಲ್ವಾ? ಸಣ್ಣ ಬಿಳಿ ಮಣಿಗಳನ್ನು ದಾರಕ್ಕೆ ಪೋಣಿಸಿ ಜಡೆ ಮೇಲೆ ಹೊಲಿದರೆ ಮೊಗ್ಗೇ ಅನ್ನಬೇಕು.

ಈಗ ಮುಖ. ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು, ಅವಸರ ಬೇಡ. ಕುತ್ತಿಗೆಯಿಂದ ಕೆಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ, ಹಳೇ ಬಣ್ಣ ಒರೆಸಿ. ಕಡ್ಡಿ ಬದಲಾಯಿಸುತ್ತಾ ಇರಿ, ಇಲ್ಲದಿದ್ದರೆ ತುಟಿಯ ಕೆಂಪು ಕೆನ್ನೆಗೆಲ್ಲ ಹರಡುತ್ತದೆ. ಕಿಟಕಿ ತೆರೆದಿರಲಿ. ಒರೆಸಿದ ಮೇಲೆ ಸೋಪಿನಿಂದ ತೊಳೆದು ಒಣಗಿಸಿ. ಜಿಡ್ಡು ಉಳಿದರೆ ಬಣ್ಣ ನಿಲ್ಲದು.

ದುಡ್ಡು ಹಾಕುವುದಾದರೆ ಒಳ್ಳೆಯ ಬ್ರಶ್‌ಗೆ ಹಾಕಿ. ಮೂರು ಸೊನ್ನೆ (000) ನಂಬರಿನ, ತುಂಬ ಸಣ್ಣ ತುದಿಯದು ಒಂದು ಸಾಕು. ಬಣ್ಣಕ್ಕೆ ಫೆವಿಕ್ರಿಲ್ ಅಕ್ರಿಲಿಕ್‌ನ ಸಣ್ಣ ಬಾಟಲಿಗಳು: ಕಪ್ಪು, ಬಿಳಿ, ಕಂದು, ಕೆಂಪು. ನೀರು ಬೆರೆಸಿ ತೆಳ್ಳಗೆ, ಎರಡು ಮೂರು ಪದರ ಕೊಡಿ. ಒಂದೇ ಸಲ ದಪ್ಪಗೆ ಬಳಿದರೆ ಸಿಪ್ಪೆ ಏಳುತ್ತದೆ. ಕಣ್ಣಿನ ಬಿಳಿಗೆ ಬರೀ ಬಿಳಿ ಬೇಡ, ಚೂರು ಕಂದು ಸೇರಿಸಿ. ಕಂದು ಪಾಪೆಯ ಮೇಲ್ಭಾಗ ರೆಪ್ಪೆಯೊಳಗೆ ಸ್ವಲ್ಪ ಮುಚ್ಚಿಕೊಂಡಿರಲಿ. ಪೂರ್ತಿ ದುಂಡಗೆ ಕಂಡರೆ ಗೊಂಬೆ ಬೆಚ್ಚಿಬಿದ್ದ ಹಾಗೆ ಕಾಣುತ್ತದೆ. ಎರಡೂ ಕಣ್ಣನ್ನು ಜೊತೆಜೊತೆಗೆ ಬರೆಯಿರಿ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಸಾಟಿ ಬರುವುದಿಲ್ಲ. ಕೊನೆಗೆ ಎರಡರಲ್ಲೂ ಒಂದೇ ಕಡೆಗೆ ಒಂದು ಬಿಳಿ ಚುಕ್ಕಿ. ಆಗ ಜೀವ ಬರುತ್ತದೆ. ಹೊಳಪಿಗೆ ನೇಲ್ ಪಾಲಿಶ್ ಬೇಡ, ಕಾಲಕ್ರಮೇಣ ಹಳದಿಯಾಗಿ ಅಂಟಂಟಾಗುತ್ತದೆ. ಅಕ್ರಿಲಿಕ್ ವಾರ್ನಿಶ್ ಹಚ್ಚಿ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಪೇಂಟ್ ವಿನೈಲ್ ಮೇಲೆ ಸರಿಯಾಗಿ ಒಣಗದೆ ಅಂಟುವುದುಂಟು, ಅದೂ ಬೇಡ. ಮೈಪೂರ್ತಿ ಬಣ್ಣ ಬಳಿಯಲೂ ಹೋಗಬೇಡಿ, ಕೀಲುಗಳಲ್ಲಿ ಉಜ್ಜಿ ಉದುರುತ್ತದೆ.

ಸೀರೆಗೆ ಒಂದು ಲೆಕ್ಕ. ಬಾರ್ಬಿ ಸುಮಾರು 29 ಸೆಂಟಿಮೀಟರ್ ಎತ್ತರ, ಅಂದರೆ ಮನುಷ್ಯರ ಆರನೇ ಒಂದು ಭಾಗ. ಐದೂವರೆ ಮೀಟರ್ ಸೀರೆ ಇಲ್ಲಿ ಸುಮಾರು 90 ಸೆಂಟಿಮೀಟರ್ ಉದ್ದ, 19 ಅಗಲ ಆಗಬೇಕು. ಆದರೆ ಬಟ್ಟೆಯ ದಪ್ಪ ಮಾತ್ರ ಕಡಿಮೆಯಾಗುವುದಿಲ್ಲವಲ್ಲ! ಹಾಗಾಗಿ 70ಕ್ಕೆ ನಿಲ್ಲಿಸಿ, ನೆರಿಗೆಯನ್ನು ಮೊದಲೇ ಹೊಲಿದಿಡಿ. ಟೈಲರ್ ಹತ್ತಿರ ರವಿಕೆ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಹಳೇ ದುಪಟ್ಟಾ ಇನ್ನೂ ಒಳ್ಳೆಯದು. ಜರಿ ಅಂಚು ಎರಡು ಸೆಂಟಿಮೀಟರ್ ದಾಟದಿರಲಿ. ಕಡುಗೆಂಪು, ನೀಲಿ ಬಟ್ಟೆಯನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು ಉಡಿಸಿ, ವಿನೈಲ್ ಬಣ್ಣ ಹೀರಿಕೊಂಡರೆ ಮತ್ತೆ ಕಲೆ ತೆಗೆಯುವ ಪಾಡು. ರವಿಕೆಗೆ ಟಿಚ್ ಬಟನ್ ಹಾಕಿ, ವೆಲ್ಕ್ರೋ ಕೂದಲನ್ನು ಕಿತ್ತು ಹಾಕುತ್ತದೆ. ಮುರಿದ ಸರದಿಂದ ಡಾಬು ಮಾಡಿ, ಸೀರೆ ಮೇಲೆ ಕಟ್ಟಿ. ತಾಮ್ರ ಬೆರೆತ ಲೋಹ ವರ್ಷಗಟ್ಟಲೆ ವಿನೈಲ್‌ಗೆ ತಾಗಿದರೆ ಹಸಿರು ಕಲೆ ಬೀಳುತ್ತದೆ.

ಪ್ರಶ್ನೆ: ನನ್ನ ಗೊಂಬೆಯ ಕೂದಲು ಅರ್ಧ ಉದುರಿದೆ. ನಮ್ಮೂರಲ್ಲಿ ರೇಷ್ಮೆ ನೂಲು ಸುಲಭವಾಗಿ ಸಿಗುತ್ತದೆ. ಅದರಿಂದ ಕೂದಲು ಮಾಡಬಹುದಾ?
– ಕಾಲೇಜು ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಮಾಡಬಹುದಮ್ಮ, ಚೆನ್ನಾಗಿಯೂ ಇರುತ್ತದೆ. ಆದರೆ ರೀಲಿಂಗ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ ಮಾಡುವವರ ಹತ್ತಿರ ಸಿಗುವ ಹಸಿ ನೂಲು ಬಿರುಸಾಗಿರುತ್ತದೆ. ಎಳೆಯ ಮೇಲೆ ಸೆರಿಸಿನ್ ಅನ್ನುವ ಅಂಟು ಇರುವುದೇ ಕಾರಣ. ಸೋಪು, ಸ್ವಲ್ಪ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿದರೆ ಅಂಟು ಬಿಟ್ಟು ಮೆತ್ತಗಾಗಿ ಹೊಳೆಯುತ್ತದೆ. ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ, ಅಷ್ಟು ಹೆಚ್ಚಿಗೆ ತೆಗೆದುಕೊಳ್ಳಿ. ಬಣ್ಣ ಹಾಕುವ ಗೋಜು ಬೇಡ ಅನ್ನಿಸಿದರೆ ಸೀರೆಗೆ ಕುಚ್ಚು ಕಟ್ಟುವ ಕಪ್ಪು ದಾರವೇ ಸಾಕು. ಉಳಿದ ಕೂದಲನ್ನು ಕತ್ತರಿಸಿ, ತಲೆಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ ತೆಳು ಬಟ್ಟೆಯನ್ನು ಫೆವಿಕಾಲ್‌ನಲ್ಲಿ ಅದ್ದಿ ಕೂರಿಸಿ. ಒಣಗಿದರೆ ಟೋಪಿ ಸಿದ್ಧ. ದಾರವನ್ನು ಕುತ್ತಿಗೆ ಕಡೆಯಿಂದ ಸಾಲುಸಾಲಾಗಿ ಅಂಟಿಸುತ್ತಾ ಮೇಲಕ್ಕೆ ಬನ್ನಿ, ಕೊನೆಯ ಸಾಲು ಬೈತಲೆಗೆ.

ಪ್ರಶ್ನೆ: ಅಕ್ಕನ ಹಳೇ ಬಾರ್ಬಿಯ ಬೆನ್ನಿನ ಮೇಲೆ 1966 ಅಂತ ಇದೆ. ಅಷ್ಟು ಹಳೆಯದನ್ನು ಮುಟ್ಟಬಹುದೇ?
– ಒಬ್ಬ ಓದುಗರು, ಕೋಲಾರ

ಉತ್ತರ: ಬಾರ್ಬಿ ಮೊದಲು ಬಂದದ್ದು 1959ರಲ್ಲಿ. ಆದರೆ ಬೆನ್ನಿನ ಮೇಲಿನ 1966 ಆ ಮೈಯ ಅಚ್ಚಿಗೆ ಸಂಬಂಧಿಸಿದ ವರ್ಷ, ಗೊಂಬೆ ತಯಾರಾದ ವರ್ಷ ಅಲ್ಲ. ಅದೇ ಗುರುತು 90ರ ದಶಕದ ಗೊಂಬೆಗಳ ಮೇಲೂ ಇದೆ. ಜೊತೆಗೆ ಎಲ್ಲಿ ತಯಾರಾದದ್ದು ಅಂತ ಬರೆದಿರುತ್ತದೆ, ಅದನ್ನು ನೋಡಿ. ಆಗ ನಮ್ಮಲ್ಲಿ ಲಿಯೋ ಮ್ಯಾಟೆಲ್ (ಮ್ಯಾಟೆಲ್ ಅಂದರೆ ಬಾರ್ಬಿ ತಯಾರಿಸುವ ಕಂಪನಿ) ಹೆಸರಲ್ಲಿ ಸೀರೆ ಉಟ್ಟ ಬಾರ್ಬಿಯೂ ಸಿಗುತ್ತಿತ್ತು. ಅಂಥದ್ದು ಡಬ್ಬಿ, ಬಟ್ಟೆ ಸಮೇತ ಉಳಿದಿದ್ದರೆ ಬಣ್ಣ ಒರೆಸಬೇಡಿ, ಸಂಗ್ರಹ ಮಾಡುವವರು ಹುಡುಕುತ್ತಿರುತ್ತಾರೆ. ಬಟ್ಟೆಯಿಲ್ಲದೆ, ಕೂದಲು ಕತ್ತರಿಸಿಕೊಂಡು ಕೂತಿದ್ದರೆ ಧೈರ್ಯವಾಗಿ ಶುರು ಮಾಡಿ. ಹೊಸ ಬಣ್ಣ ಕೊಟ್ಟ ಗೊಂಬೆಯನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಮಾತ್ರ ಕೊಡಬೇಡಿ.